ಹೇಗುಂಟು, ಅಷ್ಟೇ ಹೇಳಿ

ಎರ್ನಾಕುಳಂ ಸೌತ್ ಸ್ಟೇಷನ್ನಿನಿಂದ ನಾವು ಹೊರಟದ್ದು ಜೂನ್ ತಿಂಗಳ ಒಂದು ಗುರುವಾರ, ಬೆಳಗಿನ ಕೋಟ್ಟಯಂ ಮಾರ್ಗದ ರೈಲಿಗೆ. ತಿರುವನಂತಪುರಕ್ಕೆ ಇನ್ನೂರ ಇಪ್ಪತ್ತು ಕಿಲೋಮೀಟರ್, ಐದು ತಾಸಿನ ದಾರಿ. ಮಳೆ ಸಣ್ಣಗೆ ಹಿಡಿದಿತ್ತು. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದಕ್ಕೆ ಹೆಂಡತಿ ಮಹಾದೇವಿ ಖುಷಿಪಡಬೇಕಿತ್ತು. ಪಡಲಿಲ್ಲ.

ನಾವು ಗದಗಿನ ಕಡೆಯವರು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ನನ್ನ ಕೆಲಸ. ವರ್ಗವಾಗಿ ಕೊಚ್ಚಿಗೆ ಬಂದು ಕಳಮಶ್ಶೇರಿಯಲ್ಲಿ ಮನೆ ಹಿಡಿದು ಮೂರು ವರ್ಷವಾಗಿತ್ತು. ಹಿಂದಿನ ಮಳೆಗಾಲದಲ್ಲಿ ನನಗೆ ವಾರವಿಡೀ ಜ್ವರ ಬಂತು. ಜ್ವರ ಬಿಟ್ಟಿತು, ಜೊತೆಗೆ ವಾಸನೆ ಹಿಡಿಯುವ ಶಕ್ತಿಯೂ ಹೋಯಿತು. ಒಲೆಯ ಮೇಲೆ ಹಾಲು ಹೊತ್ತಿ ಪಾತ್ರೆ ಕರಕಲಾಗುತ್ತಿದ್ದರೂ ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ಮಹಾದೇವಿಗೆ ಇದು ರೋಗವೆನ್ನಿಸಲಿಲ್ಲ, ಅಲಕ್ಷ್ಯವೆನ್ನಿಸಿತು. ವರ್ಷದಿಂದ ಅವಳ ಅಡುಗೆಯ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ.

ಚೆಂಗನ್ನೂರಿನಲ್ಲಿ ಪಳಂಪೊರಿ ಬಂತು. ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿ. ಮಹಾದೇವಿ ಎರಡು ಕೊಂಡು ಒಂದನ್ನು ನನಗೆ ಕೊಟ್ಟಳು.

“ಹೆಂಗದ?”

“ಬಿಸಿ ಅದ.”

ಅವಳು ಕಿಟಕಿಯ ಕಡೆ ತಿರುಗಿದಳು. ಕೊಲ್ಲಂ ದಾಟುವವರೆಗೂ ತಿರುಗಿಯೇ ಇದ್ದಳು.

ತಿರುವನಂತಪುರದಲ್ಲಿ ಇಳಿದು ತಂಬಾನೂರಿನ ಲಾಡ್ಜಿನಲ್ಲಿ ಚೀಲ ಇಟ್ಟು, ಊಟ ಮುಗಿಸಿ, ಸಂಜೆ ನಾಲ್ಕಕ್ಕೆ ಮೂಗಿನ ಡಾಕ್ಟರ ಬಳಿ ಹೋದೆವು. ನಾವು ಬಂದದ್ದೇ ಅವರಿಗಾಗಿ. ಅವರು ಸೌಜನ್ಯದ ಮನುಷ್ಯ. ಮೂಗಿನೊಳಗೆ ದೀಪ ಬಿಟ್ಟು ನೋಡಿದರು, ಸ್ಕ್ಯಾನನ್ನು ಬೆಳಕಿಗೆ ಹಿಡಿದರು. ಮೂಗಿನಲ್ಲಾಗಲಿ ತಲೆಯಲ್ಲಾಗಲಿ ದೋಷವೇನೂ ಕಾಣುತ್ತಿಲ್ಲ, ಆ ಬಗ್ಗೆ ಹೆಚ್ಚು ಯೋಚಿಸಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಬಂದ ಮೇಲೆ ಮಹಾದೇವಿ, “ಏನೂ ಆಗಿಲ್ಲಂತ, ಕೇಳಿದ್ರಲ್ಲ?” ಎಂದಳು. ಕೇಳಿದ್ದೆ.

ಮರುದಿನದ ಊಟ ನನ್ನ ಸಹೋದ್ಯೋಗಿ ಉದಯನ ಚಿಕ್ಕಮ್ಮನ ಮನೆಯಲ್ಲಿ ಎಂದು ಮೊದಲೇ ನಿಗದಿಯಾಗಿತ್ತು. ಆಕೆ ಲಲಿತಾ ಟೀಚರ್. ಕಾಸರಗೋಡಿನವರು, ಇಲ್ಲಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಪೂಜಪ್ಪುರದಲ್ಲಿ ಆಟೋ ಇಳಿದು ಒಂದು ಅಂಗಡಿಯಲ್ಲಿ ವಿಳಾಸ ಕೇಳಿದೆವು. ಅಂಗಡಿಯಾತ “ಟೀಚರಾ? ವರೂ” ಎಂದು ಬರಹೇಳಿ, ಗಿರಾಕಿಗಳನ್ನು ನಿಲ್ಲಿಸಿ, ಕೊಡೆ ಬಿಚ್ಚಿ, ಏರು ಓಣಿಯಲ್ಲಿ ಗೇಟಿನವರೆಗೂ ನಮ್ಮ ಜೊತೆ ನಡೆದ. ಶಿಕ್ಷಕಿಯೊಬ್ಬಳ ಹೆಸರಿಗೆ ಇಷ್ಟು ಮರ್ಯಾದೆ ಸಲ್ಲುವ ಊರನ್ನು ನಾನು ಬೇರೆ ಕಂಡಿಲ್ಲ.

ಎಪ್ಪತ್ತು ದಾಟಿದ ತೆಳ್ಳನೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದರು. “ಬನ್ನಿ, ಬನ್ನಿ. ಕನ್ನಡ ಮಾತಾಡದೆ ಎಷ್ಟು ತಿಂಗಳಾಯ್ತು ಮಾರಾಯ್ರೆ!”

ಗೋಡೆಯುದ್ದಕ್ಕೂ ಪುಸ್ತಕ. ಮಹಾದೇವಿ ಬೆರಗಾಗಿ, “ನೀವು ಏನು ಕಲಸ್ತಿದ್ರಿ ಟೀಚರ?” ಎಂದಳು.

“ಫಿನಾಮೆನಾಲಜಿ.”

“ಹಂಗಂದ್ರ ಏನ್ರಿ?”

“ಪುಸ್ತಕದಲ್ಲಿ ವಿದ್ಯಮಾನಶಾಸ್ತ್ರ ಅಂತ ಬರೀತಾರೆ. ಹಾಗೆ ಹೇಳಿದ್ರೆ ಇನ್ನೂ ಹೆದರಿಕೆ ಆಗ್ತದೆ.” ಟೀಚರ್ ನಕ್ಕರು. “ಒಂದು ಸಂಗತಿ ನಮಗೆ ಹೇಗೆ ತೋರ್ತದೆ, ಅದನ್ನು ಇದ್ದ ಹಾಗೆ ನೋಡುವುದು. ಯಾಕೆ ಆಯ್ತು, ನಿಜವಾ ಸುಳ್ಳಾ ಅಂತ ಮೊದಲೇ ಹಾರಬಾರದು. ಕಷ್ಟ ಉಂಟು. ಮೂವತ್ತು ವರ್ಷ ಕಲಿಸಿದೆ, ನನಗೇ ಪೂರ್ತಿ ಬರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಉದಯ ಹೇಳಿದ. ಡಾಕ್ಟರು ಏನಂದ್ರು?”

ಹೇಳಿದೆ.

“ಸರಿ. ಅವರು ಹೇಳಿದ್ದು ತಪ್ಪು ಅಂತಲೂ ಬೇಡ, ಸರಿ ಅಂತಲೂ ಬೇಡ. ಸ್ವಲ್ಪ ಬದಿಗೆ ಇಡುವ. ನಿಮಗೆ ಹೇಗುಂಟು, ಅಷ್ಟೇ ಹೇಳಿ.”

“ವಾಸನಿ ಬರಂಗಿಲ್ರಿ.”

“ಅದು ಇಲ್ಲದ್ದರ ಲೆಕ್ಕ ಆಯ್ತು. ಇದ್ದದ್ದು ಹೇಗುಂಟು?”

ಟೀಚರ್ ಅವಸರಿಸಲಿಲ್ಲ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತರು. ವರ್ಷದಲ್ಲಿ ಮೂವರು ಡಾಕ್ಟರು, ಕಚೇರಿಯ ಇಪ್ಪತ್ತು ಜನ ನನ್ನನ್ನು ವಿಚಾರಿಸಿದ್ದರು. ಹೀಗೆ ಕಾದವರು ಯಾರೂ ಇರಲಿಲ್ಲ.

“ಸಂಜಿಕೆ ಮನಿಗೆ ಬಂದು ಬಾಗಿಲಾ ತಗದ್ರ, ಅದು ಬ್ಯಾರೆಯವರ ಮನಿ ಅನಸ್ತದರಿ,” ಎಂದೆ ಕೊನೆಗೆ. “ಮೊದಲ ಮೆಟ್ಟಲಾ ಹತ್ತೂವಾಗನ ಗೊತ್ತಾಗ್ತಿತ್ತು, ಇಕಿ ಒಗ್ಗರಣಿ ಹಾಕ್ಯಾಳೋ, ತಲಿಗೆ ಎಣ್ಣಿ ಹಚ್ಚಿಕೊಂಡಾಳೋ ಅಂತ. ಈಗ ಕಣ್ಣಿಗೆ ಕಂಡಷ್ಟ ಮನಿ. ಊಟ ಅಂದ್ರ ಬಿಸಿ, ತಣ್ಣಗ, ಉಪ್ಪು, ಖಾರ. ಇಕಿ ಬಾಜೂಕ ಬಂದು ಕೂತ್ರೂ ಫೋಟೋದಾಗ ಕೂತಂಗ ಇರ್ತದ. ಮುಟ್ಟಿದ್ರ ಕೈಗೆ ಗಾಜು ಹತ್ತೀತೇನೋ ಅಂತ ಅಂಜಿಕಿ.”

ಮಾತು ಮುಗಿದಾಗ ಮಹಾದೇವಿ ನನ್ನನ್ನೇ ನೋಡುತ್ತಿದ್ದಳು.

“ಇಷ್ಟು ದಿನ ಯಾಕ ಹೇಳಲಿಲ್ರಿ?”

“ವಾಸನಿ ಬಂತೇನು ಅಂತ ಕೇಳ್ತಿದ್ದಿ. ಇಲ್ಲ ಅಂತಿದ್ದೆ.”

ಟೀಚರ್ ಮೆಲ್ಲಗೆ ಅವಳತ್ತ ತಿರುಗಿದರು. “ನಿಮಗೆ ಹೇಗುಂಟಮ್ಮ?”

ಮಹಾದೇವಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. “ಖಾಲಿ ಮನಿಯಾಗ ಅಡಿಗಿ ಮಾಡಿದಂಗರಿ. ಬಡಿಸಿದ್ದು ಬಾವ್ಯಾಗ ಬಿದ್ದಂಗ. ಬಿದ್ದ ಸಪ್ಪಳನೂ ಬರಂಗಿಲ್ಲ.”

ಟೀಚರ್ ಎದ್ದು ಎಲೆ ಹಾಕಿದರು. ಕೆಂಪಕ್ಕಿ ಅನ್ನ, ಮಜ್ಜಿಗೆಯ ಪುಳಿಶ್ಶೇರಿ, ಹಲಸಿನ ಬೀಜದ ಪಲ್ಯ. ಮಹಾದೇವಿ ಪ್ರತಿಯೊಂದನ್ನೂ ಬಾಯಿಗಿಟ್ಟು, ತಡೆದು, ಹೇಗಿದೆಯೆಂದು ನನಗೆ ಹೇಳತೊಡಗಿದಳು. ಒಮ್ಮೆ ಪದ ಸಿಗದೆ ನಕ್ಕಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು. ನಾನು ಮೂರು ಸಲ ಅನ್ನ ಹಾಕಿಸಿಕೊಂಡೆ.

ವಾಸನೆ ನನಗೆ ಇಂದಿಗೂ ಮರಳಿಲ್ಲ. ಆ ಪ್ರವಾಸ ವ್ಯರ್ಥವಾಯಿತೇ ಎಂದು ಕಚೇರಿಯಲ್ಲಿ ಕೇಳಿದವರಿಗೆ ಇಲ್ಲವೆಂದೇ ಹೇಳಿದೆ.

ಟೀಚರ ಮನೆಯಲ್ಲಿ ಉಂಡ ದಿನವೇ ಸಂಜೆಯ ರೈಲಿಗೆ ಹೊರಟೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಡಯ್ಕಾವೂರಿನ ಸುತ್ತ ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆಯನ್ನು ನಾರಿಗಾಗಿ ತಿಂಗಳುಗಟ್ಟಲೆ ಕೊಳೆಹಾಕಿರುತ್ತಾರೆ. ರೈಲು ಅಲ್ಲಿಗೆ ಬರುತ್ತಲೇ ಡಬ್ಬಿಯ ಜನವೆಲ್ಲ ಮೂಗು ಹಿಡಿದರು. ಎದುರಿನ ಹೆಂಗಸು ಕಿಟಕಿಯ ಷಟರ್ ಇಳಿಸಲು ಕೈ ಚಾಚಿದಳು. ಮಹಾದೇವಿ ಆ ಕೈ ಹಿಡಿದು, “ಒಂದ ನಿಮಿಷ, ಚೇಚಿ” ಎಂದು, ಸರಳಿಗೆ ಮುಖವಿಟ್ಟು ದೀರ್ಘವಾಗಿ ಉಸಿರೆಳೆದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು.

“ಮೊದಲ ಕೊಳತ ತತ್ತಿ ಒಡದಂಗ ಬರ್ತದ,” ಎಂದಳು ನನಗೆ. “ಅದರ ಹಿಂದ ತೊಯ್ದ ಗೋಣಿಚೀಲದ್ದು. ತಡೀರಿ, ಗಾಳಿ ಹೊಳ್ಳಿತು… ಇನ್ನೂ ಒಂದು ಅದ.”