ಬಾವುಟದ ಅದ್ರಾಮಾಕ

ಓಟ ಶುರುವಾಗುವ ಮೊದಲು ಅದ್ರಾಮಾಕ ಪ್ರತಿಯೊಂದು ಕಾರಿನ ಬಳಿಗೂ ಹೋಗಿ, ಗಾಜಿಲ್ಲದ ಕಿಟಕಿಯೊಳಕ್ಕೆ ತಲೆ ಹಾಕಿ, ಹೆಲ್ಮೆಟ್ ತೊಟ್ಟು ಕೂತವನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮನೆಯಲ್ಲಿ ಫೋನು ಎತ್ತುವುದು ಯಾರು?"

ತುಳುವರನ್ನು ತುಳುವಿನಲ್ಲಿ, ಮಲಯಾಳಿಗಳನ್ನು ಮಲಯಾಳದಲ್ಲಿ, ಪಾಕಿಸ್ತಾನದ ಮೆಕ್ಯಾನಿಕ್‌ಗಳನ್ನು ಮುರುಕು ಹಿಂದಿಯಲ್ಲಿ ಕೇಳುತ್ತಿದ್ದರು. ಕೆಲವರು ಹೆಂಡತಿ ಎನ್ನುತ್ತಿದ್ದರು, ಕೆಲವರು ಅಪ್ಪ ಎನ್ನುತ್ತಿದ್ದರು. ಫಿಲಿಪೀನ್ಸಿನ ಚಾಲಕನೊಬ್ಬ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೇ ಉತ್ತರ ಕೊಡುತ್ತಿದ್ದ. ಉತ್ತರ ಸಿಕ್ಕಿದ ಮೇಲೆ ಅದ್ರಾಮಾಕ ಕಾರಿನ ತಗಡನ್ನು ಅಂಗೈಯಿಂದ ಒಮ್ಮೆ ತಟ್ಟಿ ಮುಂದಿನ ಕಾರಿಗೆ ನಡೆಯುತ್ತಿದ್ದರು. ಯಾರಿಗೂ ಅವರು ಒಳ್ಳೆಯದಾಗಲಿ ಎಂದದ್ದನ್ನು ನಾನು ಕೇಳಿಲ್ಲ. ಅವರ ದನಿಯೂ ಒರಟು. ಯಾವುದೋ ಹಳೆಯ ಗಂಟಲುಬೇನೆಯಿಂದ ಒಡೆದುಹೋಗಿ, ತಗಡಿನ ಮೇಲೆ ಮರಳು ಎಳೆದಂತೆ ಕೇಳುತ್ತಿತ್ತು. ಒಮ್ಮೆ ಕೇಳಿದವರು ಮರೆಯುವಂಥದ್ದಲ್ಲ.

ಕತಾರಿನಲ್ಲಿ ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಅಗೆತ. ದೋಹಾದ ಅಡಿಪಾಯಗಳಿಂದ ತೆಗೆದ ಮಣ್ಣನ್ನು ಲಾರಿಗಳು ಇಂಡಸ್ಟ್ರಿಯಲ್ ಏರಿಯಾದ ಆಚೆಯ ಬಯಲಿನಲ್ಲಿ ಸುರಿದು ಹೋಗುತ್ತಿದ್ದವು. ಗ್ಯಾರೇಜಿನ ಹುಡುಗರು ಆ ಮಣ್ಣನ್ನೇ ಮಟ್ಟಮಾಡಿ, ಸುತ್ತ ಹಳೆಯ ಟಯರುಗಳನ್ನು ಹೂತು, ಮೊಟ್ಟೆಯಾಕಾರದ ಒಂದು ಟ್ರ್ಯಾಕ್ ಮಾಡಿಕೊಂಡಿದ್ದರು. ಗುಜರಿಗೆ ಹೋಗಬೇಕಾದ ಕಾರುಗಳ ಸೀಟು ಕಿತ್ತು, ಬಾಗಿಲುಗಳಿಗೆ ವೆಲ್ಡಿಂಗ್ ಹೊಡೆದು, ಮೈಮೇಲೆ ನಂಬರ್ ಬರೆದು ಶುಕ್ರವಾರ ಮಧ್ಯಾಹ್ನ ಓಡಿಸುತ್ತಿದ್ದರು. ಇದರ ಯಜಮಾನ ಸ್ಟ್ಯಾನಿ ಎಂಬ ಮಂಗಳೂರಿನವರು. ಅಲ್ಲೇ ಅವರದೊಂದು ಗ್ಯಾರೇಜಿತ್ತು.

ನಾನಾಗ ದೋಹಾ ಪೇಟೆಯ ಮುಶೈರಿಬ್‌ನ ಒಂದು ಸ್ಟುಡಿಯೋದಲ್ಲಿ ದಿನವಿಡೀ ಬಿಳಿ ಪರದೆಯ ಮುಂದೆ ಜನರನ್ನು ಕೂರಿಸಿ ವೀಸಾ ಫೋಟೋ ತೆಗೆಯುತ್ತಿದ್ದವನು. ಸ್ಟ್ಯಾನಿ ಬಂದು, "ಒಂದು ವಾರ ನಮ್ಮ ಹಿಂದೆಯೇ ಇರಿ ಮಾರಾಯ್ರೆ. ಗ್ಯಾರೇಜು, ಪ್ರಾಕ್ಟೀಸು, ರೇಸು, ಎಲ್ಲ ತೆಗೀರಿ. ಒಳ್ಳೆ ಆಲ್ಬಮ್ ಇದ್ರೆ ಸ್ಪಾನ್ಸರ್ ಸಿಗ್ತಾರೆ" ಎಂದಾಗ, ಆ ಬಿಳಿ ಪರದೆಯಿಂದ ಬಿಡುಗಡೆ ಸಿಕ್ಕಿತೆಂದು ಕುಣಿದುಬಿಟ್ಟೆ. ಒಂದು ಶುಕ್ರವಾರದಿಂದ ಮುಂದಿನ ಶುಕ್ರವಾರದವರೆಗೆ ನಾನು ಅವರ ಜೊತೆಗಿದ್ದೆ.

ಅದ್ರಾಮಾಕನ ಪೂರ್ತಿ ಹೆಸರು ಅಬ್ದುಲ್ ರಹಿಮಾನ್. ಬಿ.ಸಿ.ರೋಡ್ ಹತ್ತಿರದ ಬ್ಯಾರಿ ಮುಸಲ್ಮಾನರು. ವಾರದ ದಿನಗಳಲ್ಲಿ ಸ್ಟ್ಯಾನಿಯ ಗ್ಯಾರೇಜಿನ ವಾಚ್‌ಮನ್, ಶುಕ್ರವಾರ ಬಾವುಟದವರು. ಹಸಿರು ಬೀಸಿದರೆ ಓಟ ಶುರು, ಕೆಂಪು ಎತ್ತಿದರೆ ಎಲ್ಲರೂ ನಿಲ್ಲಬೇಕು. ಆ ಎರಡು ಬಟ್ಟೆತುಂಡುಗಳನ್ನು ಅವರು ತಮ್ಮ ನಮಾಜಿನ ಅಂಗಿಯ ಜೊತೆ ಒಗೆದು, ಇಸ್ತ್ರಿ ಹಾಕಿ ಮಡಚಿಡುತ್ತಿದ್ದರು. ಟ್ರ್ಯಾಕಿನ ಹತ್ತಿರ ಯಾರಾದರೂ 'ಖಲಾಸ್' ಎಂದರೆ ಸಿಡುಕುತ್ತಿದ್ದರು. "ಆಯ್ತು ಅನ್ನು, ಮುಗೀತು ಅನ್ನು, ಬಾಯಿಗೆ ಬೇರೆ ಶಬ್ದ ಸಿಗುವುದಿಲ್ವಾ ನಿನಗೆ?" ಹುಡುಗರು ಅವರನ್ನು ರೇಗಿಸಲೆಂದೇ ಹತ್ತು ಸಲ ಖಲಾಸ್ ಎನ್ನುತ್ತಿದ್ದರು.

ಆ ಮೊದಲ ಶುಕ್ರವಾರವೇ ನನ್ನ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಏಳನೇ ನಂಬರಿನ ಕಾರಿನಲ್ಲಿದ್ದವನು ಸುಕೇಶ. ಮೂಡುಬಿದಿರೆ ಕಡೆಯವನು. ಸ್ಟ್ಯಾನಿಯ ಗ್ಯಾರೇಜಿನಲ್ಲಿ ಕಾರುಗಳ ತಗ್ಗು ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದ. ಅದ್ರಾಮಾಕ ಬಗ್ಗಿ ಎಂದಿನ ಪ್ರಶ್ನೆ ಕೇಳಿದರು. ಸುಕೇಶ ಅವರ ಮುಖವನ್ನು ನೇರ ನೋಡಿ, "ಅದು ನಿಮಗೇ ಗೊತ್ತಿರಬೇಕಲ್ಲ" ಎಂದ.

ಅದ್ರಾಮಾಕನಿಗೆ ಅರ್ಥವಾಗಲಿಲ್ಲ. ತಗಡು ತಟ್ಟಲು ಎತ್ತಿದ ಕೈ ಹಾಗೆಯೇ ನಿಂತಿತು. ತಟ್ಟದೆಯೇ ಹಿಂದೆ ಸರಿದರು.

ಮರುದಿನ ಗ್ಯಾರೇಜಿನ ಬಾಗಿಲಲ್ಲಿ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುವಾಗ ನಾನು ಕೇಳಿದೆ, "ಅಲ್ಲ ಅದ್ರಾಮಾಕ, ಹೊರಟು ನಿಂತವರಿಗೆ ಅಂಥ ಪ್ರಶ್ನೆ ಯಾಕೆ ಕೇಳುವುದು? ಕೇಳಿದವರಿಗೆ ಎದೆ ಧಸಕ್ಕೆನ್ನುವುದಿಲ್ವಾ?"

"ಅನ್ನಲಿ. ಸ್ವಲ್ಪ ಮೆಲ್ಲ ಹೋಗ್ತಾರೆ" ಎಂದರು. ಆಮೇಲೆ ಲೋಟವನ್ನು ಕೆಳಗಿಟ್ಟು ಹೇಳಿದರು: "ಇಲ್ಲಿ ಬರುವ ಮೊದಲು ನಾನು ಕಟ್ಟಡದ ಕಂಪೆನಿಯೊಂದರಲ್ಲಿ ಕ್ಯಾಂಪ್ ಬಾಸ್, ಕೆಲಸದವರ ವಸತಿ ನೋಡಿಕೊಳ್ಳುವವ. ಕೆಲಸದವರಲ್ಲಿ ಯಾರಾದರೂ ತೀರಿಹೋದರೆ ಊರಿಗೆ ಫೋನು ಮಾಡುವುದು ನಾನೇ. ಉಳಿದವರಿಗೆ ಬಾಯಿ ಬರುವುದಿಲ್ಲ, ಅದ್ರಾಮನಿಗೆ ಬರ್ತದೆ ಅಂತ. ಸತ್ತವನ ಅಂಗಿಯ ಕಿಸೆಯಲ್ಲಿ ನಂಬರ್ ಹುಡುಕಬೇಕು. ನಂಬರ್ ಸಿಗ್ತದೆ. ಆಚೆ ಯಾರು ಎತ್ತುತ್ತಾರೆ ಅಂತ ಗೊತ್ತಾಗುವುದಿಲ್ಲ ನೋಡಿ, ಅದೇ ಕಷ್ಟ. ಒಂದು ಸಲ ಒಬ್ಬ ಚಿಕ್ಕ ಹುಡುಗ ಎತ್ತಿದ. ದೊಡ್ಡವರನ್ನು ಕರಿ ಮಗಾ ಅಂದೆ. ಯಾರೂ ಇಲ್ಲ, ನನಗೇ ಹೇಳಿ ಅಂದ. ಟ್ರಂಕ್ ಕಾಲು, ಹಿಂದೆ ಮ್ಯಾನೇಜರ್ ನಿಂತಿದ್ದಾನೆ. ಹೇಳಿಬಿಟ್ಟೆ."

ಲೋಟ ತೊಳೆಯಲು ಎದ್ದು ಹೋದರು.

ಮಂಗಳವಾರ ಸಂಜೆ ಪ್ರಾಕ್ಟೀಸು. ಗಾಳಿ ಎದ್ದಿತ್ತು. ಆಕಾಶ ಹಳದಿಗಟ್ಟಿ, ದೂರದ ಕ್ರೇನುಗಳು ಒಂದೊಂದಾಗಿ ಮಾಸಿಹೋಗುತ್ತಿದ್ದವು. ಅದ್ರಾಮಾಕ ಟ್ರ್ಯಾಕಿನ ಅಂಚಿನಲ್ಲಿ ಕವುಚಿಹಾಕಿದ ಡ್ರಮ್ಮಿನ ಮೇಲೆ ನಿಂತಿದ್ದರು. ನಾನು ಉದ್ದನೆಯ ಲೆನ್ಸ್ ಹಾಕಿ ಏಳನೇ ನಂಬರನ್ನು ಹಿಂಬಾಲಿಸುತ್ತಿದ್ದೆ. ಮೊದಲ ಸುತ್ತಿನಲ್ಲಿ ಕಾರು ಡ್ರಮ್ಮಿನಿಂದ ಸಾಕಷ್ಟು ದೂರದಲ್ಲೇ ಹೋಯಿತು. ಎರಡನೆಯದರಲ್ಲಿ ಸ್ವಲ್ಪ ಹತ್ತಿರ ಬಂತು. ಆಮೇಲೆ ಇನ್ನೂ ಹತ್ತಿರ. ಒಂದು ಸುತ್ತಿನಲ್ಲಿ ಚಕ್ರದಿಂದ ಹಾರಿದ ಕಲ್ಲುಗಳು ಡ್ರಮ್ಮಿಗೆ ಬಡಿದು ಸದ್ದಾಯಿತು. ಸುಕೇಶನಿಗೆ ಹಿಡಿತ ತಪ್ಪುತ್ತಿದೆ ಎಂದೇ ನಾನು ತಿಳಿದಿದ್ದೆ. ಆದರೆ ಲೆನ್ಸಿನಲ್ಲಿ ಅವನ ಕಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಮುಂದಿನ ತಿರುವನ್ನು ನೋಡುತ್ತಿರಲಿಲ್ಲ, ಡ್ರಮ್ಮಿನ ಮೇಲಿನ ಮುದುಕನನ್ನು ನೋಡುತ್ತಿದ್ದ. ಫೋಟೋ ತೆಗೆಯದೆ ಕ್ಯಾಮೆರಾ ಕೆಳಗಿಳಿಸಿದೆ.

ಕಾರುಗಳು ನಿಂತ ಮೇಲೆ ಅದ್ರಾಮಾಕನ ಹತ್ತಿರ ಹೋಗಿ ಹೇಳಿದೆ. ಅವರು ಹುಬ್ಬಿನ ಮೇಲಿನ ಧೂಳು ಒರೆಸಿಕೊಳ್ಳುತ್ತಾ, "ನಾನೂ ನೋಡಿದೆ. ಅವನಿಗೆ ನನ್ನ ಮೇಲೆ ಎಂತದೋ ಉಂಟು" ಎಂದರು. ಸ್ಟ್ಯಾನಿಗೆ ತಿಳಿಸೋಣವೆಂದರೆ ಒಪ್ಪಲಿಲ್ಲ. "ಕೆಲಸ ಹೋಗ್ತದೆ ಅವನದ್ದು. ಕೇಳಿ ನೋಡುವ."

ಕೇಳುವ ಪ್ರಸಂಗ ಬರಲಿಲ್ಲ. ಗುರುವಾರ ಸಂಜೆ ಸುಕೇಶ ಕಾರಿನ ನಂಬರಿಗೆ ಹೊಸ ಬಣ್ಣ ಬಳಿಯುತ್ತಿದ್ದ, ನಾನು ಫೋಟೋ ತೆಗೆಯುತ್ತಿದ್ದೆ. ಅದ್ರಾಮಾಕ ಚಹಾ ತಂದು ಅವನ ಪಕ್ಕದಲ್ಲಿಟ್ಟರು. ಸುಕೇಶ ಬ್ರಶ್ ನಿಲ್ಲಿಸದೆಯೇ ತುಳುವಿನಲ್ಲಿ ಹೇಳಿದ:

"ದೊಡ್ಡವರನ್ನು ಕರಿ ಮಗಾ ಅಂದಿರಿ. ಅಮ್ಮ ಗದ್ದೆಗೆ ಹೋಗಿದ್ದರು. ನಾನು ಏಳನೇ ಕ್ಲಾಸು."

ಚಹಾ ಇಟ್ಟು ಹೊರಟಿದ್ದ ಅದ್ರಾಮಾಕ ತಿರುಗಿ ಬಂದರು.

"ಫೋನು ಅಣ್ಣನೇ ಹಾಕಿಸಿಕೊಟ್ಟದ್ದು" ಎಂದ ಸುಕೇಶ. "ಅದು ಮನೆಗೆ ಬಂದು ತಿಂಗಳಾಗಿರಲಿಲ್ಲ. ಈ ಗ್ಯಾರೇಜಿಗೆ ಬಂದ ದಿನವೇ ನನಗೆ ನಿಮ್ಮ ಸ್ವರದ ಗುರುತು ಸಿಕ್ಕಿತು. ಅಣ್ಣನಿಗೆ ನಿದ್ದೆಯಲ್ಲಿ ಹಾರ್ಟ್ ಎಟ್ಯಾಕ್ ಅಂದ್ರಿ ಅಲ್ವಾ? ಇಪ್ಪತ್ತೆರಡು ವರ್ಷದವನಿಗೆ. ಪೆಟ್ಟಿಗೆ ಬಂದಾಗ ಮುಖ ತೋರಿಸಲಿಲ್ಲ. ಅಮ್ಮ ಇವತ್ತಿಗೂ ಕೇಳ್ತಾರೆ, ನಿದ್ದೆಯಲ್ಲಿ ಹೋದವನ ಮುಖಕ್ಕೆ ಏನಾಗಿತ್ತು ಅಂತ."

ಅದ್ರಾಮಾಕ ಅಲ್ಲೇ ನೆಲದ ಮೇಲೆ ಕೂತರು.

"ಬಿದ್ದದ್ದು ಮಗಾ" ಎಂದರು. "ಕಟ್ಟಡದ ಸಾರುವೆ ಮುರಿದು ಮೇಲಿನಿಂದ ಬಿದ್ದದ್ದು. ನಾನೇ ಹೋಗಿ ಎತ್ತಿದ್ದು. ಹಾರ್ಟ್ ಎಟ್ಯಾಕ್ ಅಂತ ಹೇಳು ಅಂತ ಮೇಲಿನಿಂದ ಹೇಳಿದ್ರು, ಹೇಳಿದೆ. ಅವನೊಬ್ಬನ ಮನೆಗೆ ಅಲ್ಲ, ಎಷ್ಟೋ ಮನೆಗಳಿಗೆ ಹಾಗೇ ಹೇಳಿದ್ದು."

ಸುಕೇಶ ಬ್ರಶ್ಶನ್ನು ಡಬ್ಬಿಯೊಳಗಿಟ್ಟು ಹೊರಗೆ ಹೋದ. ಚಹಾ ಹಾಗೆಯೇ ತಣ್ಣಗಾಯಿತು. ನಾಳೆ ಟ್ರ್ಯಾಕಿಗೆ ಬರಬೇಡಿ, ಹುಷಾರಿಲ್ಲವೆಂದು ಹೇಳಿ ಎಂದು ನಾನು ಅದ್ರಾಮಾಕನನ್ನು ಬೇಡಿಕೊಂಡೆ. "ಬಾರದಿದ್ದರೆ ಕೆಂಪು ಯಾರು ಎತ್ತುವುದು?" ಎಂದರು.

ಶುಕ್ರವಾರ ಜುಮ್ಮಾ ಮುಗಿಸಿ ಅದ್ರಾಮಾಕ ಬಂದರು, ಅಬು ಹಮೂರಿನ ಚರ್ಚಿನಿಂದ ಸ್ಟ್ಯಾನಿ ಬಂದರು. ಗಾಳಿ ಇಳಿದಿರಲಿಲ್ಲ. ಇಂಥ ಧೂಳಿನಲ್ಲಿ ಬೇಡ ಎಂದು ಅದ್ರಾಮಾಕ ಹೇಳಿದ್ದನ್ನು ಸ್ಟ್ಯಾನಿ ಕಿವಿಗೆ ಹಾಕಿಕೊಳ್ಳಲಿಲ್ಲ. ನೋಡಲು ಬಂದವರು ಆಗಲೇ ಪಿಕಪ್‌ಗಳ ಮೇಲೆ ಹತ್ತಿ ಕೂತಿದ್ದರು. "ಯಲ್ಲಾ ಅದ್ರಾಮಾಕ, ಸುರು ಮಾಡಿ, ನಿಮ್ಮದು ಯಾವಾಗಲೂ ಇದೇ ರಗಳೆ."

ಅವರು ಎಂದಿನಂತೆ ಕಾರಿನಿಂದ ಕಾರಿಗೆ ಹೋದರು. ಏಳನೇ ನಂಬರಿನ ಕಿಟಕಿಗೆ ಬಗ್ಗಿದಾಗ ನಾನು ಹಿಂದೆಯೇ ಇದ್ದೆ. ಅವರು ಪ್ರಶ್ನೆ ಕೇಳಲಿಲ್ಲ. ಸುಕೇಶನೇ ಹೇಳಿದ: "ಅಮ್ಮ ಎತ್ತುತ್ತಾರೆ. ಈ ಸಲ ಸುಳ್ಳು ಹೇಳಬೇಡಿ."

ಅದ್ರಾಮಾಕ ತಗಡು ತಟ್ಟಿದರು.

ಹಸಿರು ಬಾವುಟ ಬೀಸಿದ ಕೂಡಲೇ ಎದ್ದ ಧೂಳು ಮತ್ತೆ ಕೆಳಗೆ ಇಳಿಯಲೇ ಇಲ್ಲ. ಕಾರುಗಳು ಕಾಣಿಸುವ ಮೊದಲು ಸದ್ದು ಬರುತ್ತಿತ್ತು, ಸದ್ದಿನ ಹಿಂದೆ ಒಂದು ಮೂತಿ ಮೂಡಿ ಮಾಯವಾಗುತ್ತಿತ್ತು. ಡ್ರಮ್ಮಿನಾಚೆಯ ತಿರುವಿನಲ್ಲಿ ಫಿಲಿಪೀನ್ಸಿನವನ ಕಾರು ಗಿರಕಿ ಹೊಡೆದು ಟ್ರ್ಯಾಕಿಗೆ ಅಡ್ಡವಾಗಿ ನಿಂತುಬಿಟ್ಟಿತು. ವೆಲ್ಡಿಂಗ್ ಹೊಡೆದ ಬಾಗಿಲು. ಅವನು ಕಿಟಕಿಯಿಂದ ಅರ್ಧ ಹೊರಗೆ ಬಂದು ಬೆಲ್ಟಿಗೆ ಸಿಕ್ಕಿಕೊಂಡಿದ್ದ. ಅದ್ರಾಮಾಕ ಕೆಂಪು ಎತ್ತಿ ಬೀಸಿದರು. ಒಂದು ಕಾರು ನಿಲ್ಲಿಸದೆ ಹೋಗಿ ಹೇಗೋ ಪಕ್ಕದಿಂದ ನುಸುಳಿತು. ಇನ್ನೊಂದು ಕೂಡ. ಧೂಳಿನಲ್ಲಿ ಬಾವುಟ ಯಾರಿಗೂ ಕಾಣುತ್ತಿರಲಿಲ್ಲ. ಆಗ ಅವರು ಡ್ರಮ್ಮಿನಿಂದ ಇಳಿದು, ಕೆಂಪು ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಟ್ರ್ಯಾಕಿನ ನಡುವಿಗೇ ಓಡಿದರು.

ಧೂಳಿನಿಂದ ಹೊರಬಂದದ್ದು ಏಳನೇ ನಂಬರು.

ಆ ಒಂದು ಕ್ಷಣ ನನಗೆ ಮಂಗಳವಾರದ ಆ ಕಣ್ಣುಗಳು ನೆನಪಾದವು. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಅದ್ರಾಮಾಕ ಕದಲಲಿಲ್ಲ. ಕಾರು ಅವರ ಮುಂದೆ ಬಂದು, ಒಮ್ಮೆಲೇ ಎಡಕ್ಕೆ ಎಳೆದುಕೊಂಡು, ಟಯರಿನ ದಂಡೆ ಹತ್ತಿ, ಮಗುಚಿ, ಮತ್ತೆ ಮಗುಚಿತು. ಸುಕೇಶ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದ. ಹಿಂದೆ ಬಂದವರಿಗೆ ಮಗುಚಿದ ಕಾರು ಕಂಡಿತು, ಎಲ್ಲರೂ ನಿಂತರು. ಫಿಲಿಪೀನ್ಸಿನವನಿಗೆ ಒಂದು ಗೀರೂ ಆಗಲಿಲ್ಲ. ಸುಕೇಶನನ್ನು ತಗಡು ಕತ್ತರಿಸಿ ಹೊರಗೆ ತೆಗೆಯಬೇಕಾಯಿತು. ಪ್ರಜ್ಞೆ ಇತ್ತು. ಬಲಗಾಲು ನೋಡುವಂತಿರಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಸ್ಟ್ಯಾನಿ ಅದ್ರಾಮಾಕನ ತೋಳು ಹಿಡಿದರು. "ಊರಿಗೆ ರೋಡ್ ಎಕ್ಸಿಡೆಂಟ್ ಅಂತ ಹೇಳಿದ್ರೆ ಸಾಕು. ಟ್ರ್ಯಾಕಿನ ವಿಷಯ ಎತ್ತಬೇಡಿ, ನಮ್ಮೆಲ್ಲರ ಕತೆ ಮುಗೀತದೆ" ಎಂದರು. ಅದ್ರಾಮಾಕ ನನ್ನ ಕಡೆ ಕೈ ಚಾಚಿದರು. ನಾನು ನನ್ನ ಮೊಬೈಲ್ ಕೊಟ್ಟೆ. ಗ್ಯಾರೇಜಿನ ಹುಡುಗನೊಬ್ಬ ನಂಬರ್ ಹೇಳಿದ.

ಆಚೆ ಕಡೆ ಎತ್ತಿದ ಸದ್ದು ನನಗೂ ಕೇಳಿಸಿತು. "ದೋಹಾದಿಂದ" ಎಂದು ಇವರು ಹೇಳಿದ್ದೇ ತಡ, ಆ ಹೆಂಗಸು ಚೀರಿದರು.

"ಇದ್ದಾನೆ! ಇದ್ದಾನೆ ಅಮ್ಮಾ, ಬದುಕಿದ್ದಾನೆ!" ಅದ್ರಾಮಾಕ ಆ ಒಡಕು ದನಿಯಲ್ಲಿ ಕಿರುಚಿದ್ದಕ್ಕೆ ಪಡಸಾಲೆಯ ಜನವೆಲ್ಲ ತಿರುಗಿ ನೋಡಿತು. ಚೀರಾಟ ನಿಲ್ಲುವವರೆಗೆ ಅದನ್ನೇ ಹೇಳಿದರು. ಆಮೇಲೆ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದರು. ಕಾಲು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದು, ರೇಸಿನಲ್ಲಿ ಆದದ್ದು, ತಾನು ಅಡ್ಡ ನಿಂತದ್ದು, ತನ್ನನ್ನು ಉಳಿಸಲು ಅವನು ಕಾರು ತಿರುಗಿಸಿದ್ದು. ಕೊನೆಗೆ, "ಅಮ್ಮಾ, ಆವತ್ತು ದೊಡ್ಡವನ ವಿಷಯಕ್ಕೆ ಫೋನು ಮಾಡಿದವನೂ ನಾನೇ. ಆವತ್ತು ಹೇಳಿದ್ದು ಸುಳ್ಳು. ನಿದ್ದೆಯಲ್ಲಿ ಅಲ್ಲ. ಕೆಲಸದ ಮೇಲೆ ಬಿದ್ದು ಹೋದದ್ದು."

ಆ ತಾಯಿ ಏನೋ ಕೇಳಿದರು. ಅದ್ರಾಮಾಕ ನೆಟ್ಟಗೆ ನಿಂತು, "ಅಬ್ದುಲ್ ರಹಿಮಾನ್" ಎಂದರು. ಆಮೇಲೆ ಫೋನು ನನ್ನ ಕೈಗಿಟ್ಟು, ಗೋಡೆಗೆ ಹಣೆ ಹಚ್ಚಿದರು.

ಸುಕೇಶನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಓಟಗಳು ಅಲ್ಲಿಗೇ ನಿಂತವು. ನನ್ನ ಆಲ್ಬಮ್ ಕೇಳಲು ಯಾರೂ ಬರಲಿಲ್ಲ. ಅದ್ರಾಮಾಕನಿಂದಲೇ ಸುಕೇಶನ ಕಾಲು ಹೋಯಿತು ಎಂದು ಕೆಲವರು, ಅದ್ರಾಮಾಕನಿಂದ ಆ ಫಿಲಿಪೀನ್ಸಿನವ ಉಳಿದ ಎಂದು ಕೆಲವರು. ಅವರ ಮುಂದೆಯೇ ಹಾಗೆ ಹೇಳುತ್ತಿದ್ದರು. ಅದ್ರಾಮಾಕ ಆಸ್ಪತ್ರೆಯಲ್ಲಿ ಸುಕೇಶನ ತಲೆದೆಸೆಯಲ್ಲೇ ಇರುತ್ತಿದ್ದರು.

ಅವನನ್ನು ಊರಿಗೆ ಕಳಿಸುವ ದಿನ ಅದ್ರಾಮಾಕನೂ ಕೆಲಸ ಬಿಟ್ಟು ಜೊತೆಗೆ ಹೊರಟರು. ಬೆಳಗ್ಗಿನ ವಿಮಾನ. ನಾನು ವಿಮಾನನಿಲ್ದಾಣಕ್ಕೆ ಹೋಗಿದ್ದೆ. ಇಸ್ತ್ರಿ ಹಾಕಿದ ಅಂಗಿಯಲ್ಲಿ ಗಾಲಿಕುರ್ಚಿಯ ಹಿಂದೆ ನಿಂತಿದ್ದರು. ಆ ಮನೆಗೆ ಹೋಗಿ ಏನು ಹೇಳುತ್ತೀರಿ ಎಂದು ಕೇಳಿದೆ.

"ಹೇಳುವುದೆಲ್ಲ ಹೇಳಿ ಆಗಿದೆ. ಇನ್ನು ಅವರು ಹೇಳುವುದನ್ನು ಕೇಳಬೇಕು" ಎಂದರು. ಅದೇ ಅವರನ್ನು ನಾನು ಕೊನೆಯದಾಗಿ ನೋಡಿದ್ದು. ಮತ್ತೆ ಅವರು ದೋಹಾಕ್ಕೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಸುಕೇಶ ಸ್ಟುಡಿಯೋಗೆ ಫೋನು ಮಾಡಿದ್ದ. ಅಮ್ಮ ಅದ್ರಾಮಾಕನಿಗೆ ಬೈಯಲಿಲ್ಲವಂತೆ, ಒಳಗೆ ಬನ್ನಿ ಎಂದೂ ಅನ್ನಲಿಲ್ಲವಂತೆ. ಅಂಗಳದಲ್ಲಿ ನಿಲ್ಲಿಸಿ, ದೊಡ್ಡವನು ಎಷ್ಟು ಎತ್ತರದಿಂದ ಬಿದ್ದದ್ದು ಎಂದು ಕೇಳಿದರಂತೆ. ಇವರು ಸುತ್ತ ನೋಡಿ, ಮನೆಯ ಪಕ್ಕದ ತೆಂಗಿನಮರದ ತುದಿ ತೋರಿಸಿದರಂತೆ. ಅಮ್ಮ ಅದನ್ನೇ ನೋಡುತ್ತಾ ನಿಂತುಬಿಟ್ಟರಂತೆ. ಆಮೇಲೆ ಅಂಗಳಕ್ಕೆ ಇಳಿದಾಗಲೆಲ್ಲ ಕಣ್ಣು ಆ ತುದಿಗೇ ಹೋಗುತ್ತಿತ್ತಂತೆ. ಒಳ್ಳೆ ಕಾಯಿ ಬಿಡುತ್ತಿದ್ದ ಮರ, ಮರುವಾರವೇ ಕಡಿಸಿದರಂತೆ. ಕಡಿಸುವ ದಿನ ಬಿ.ಸಿ.ರೋಡಿಗೆ ಹೇಳಿ ಕಳಿಸಿ ಅದ್ರಾಮಾಕನನ್ನು ಕರೆಸಿಕೊಂಡರಂತೆ. ಮನೆಯ ಮೇಲೆ ಬೀಳದಂತೆ ಮರಕ್ಕೆ ಕಟ್ಟಿದ ಹಗ್ಗದ ಒಂದು ತುದಿಯನ್ನು ಅಮ್ಮ ಅವರ ಕೈಗೆ ಕೊಟ್ಟರಂತೆ. ಅವರು ಎಳೆದರಂತೆ.