ಎಡಚಿಯ ಗಂಟು

ಎಂಟು ಅಂತಸ್ತಿನ ಆಫೀಸು ಕಟ್ಟಡ ಏಳುತ್ತಿದ್ದ ಆ ಸೈಟಿನಲ್ಲಿ, ಕಂಬಿ ಕಟ್ಟುವ ಯಜಮಾನ ಒಂದು ತಿಂಗಳಿಂದ ಬುತ್ತಿ ಬಿಚ್ಚುತ್ತಿದ್ದುದು ಒಂದೇ ಜಾಗದಲ್ಲಿ, ಮೂಲೆಯ ಪಿಲ್ಲರಿನ ಪಕ್ಕದ ಹಲಗೆ ರಾಶಿಯ ಮೇಲೆ. ಪಿಲ್ಲರೆಂದರೆ ಪಿಲ್ಲರಲ್ಲ, ಇನ್ನೂ ಕಾಂಕ್ರೀಟು ಕಾಣದ ಕಂಬಿಗಳ ಪಂಜರ. ಅದನ್ನು ಅವನ ಜೊತೆ ನಿಂತು ಕಟ್ಟಿದವಳು ಅವನ ಹೆಂಡತಿ. ಕಟ್ಟಿದ ಮೂರನೆಯ ದಿನಕ್ಕೆ ಜ್ವರ ಅವಳನ್ನು ಕರೆದುಕೊಂಡು ಹೋಯಿತು.

ಎಡಗೈಯವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಎಡಚಿ. ಕಂಬಿ ಬಿಗಿಯುವ ಬೈಂಡಿಂಗ್ ತಂತಿ ಸೈಟಿನಲ್ಲೆಲ್ಲ ಬಲಕ್ಕೆ ತಿರುಚಿಕೊಂಡಿದ್ದರೆ ಅವಳದು ಎಡಕ್ಕೆ.

"ನಿನ್ ಗಂಟೂ ನಿನ್ ಹಾಗೇ, ಹೇಳಿದ್ದಕ್ಕೆಲ್ಲ ಉಲ್ಟಾ" ಎಂದು ಇವನು ಕಾಡಿಸುತ್ತಿದ್ದ.

"ಬಿಚ್ಕೊಂಡಿದ್ಯಾ? ಇಲ್ವಲ್ಲ, ಸುಮ್ನಿರು" ಎನ್ನುತ್ತಿದ್ದಳು ಅವಳು.

ಪಂಜರದಲ್ಲಿ ನಿಂತ ಕಂಬಿಗಳನ್ನು ಸುತ್ತಿ ಹಿಡಿಯುವ ಇಪ್ಪತ್ತೆರಡು ಚೌಕ ರಿಂಗು. ರಿಂಗಿನ ಎರಡು ತುದಿಗಳು ಕೊಕ್ಕೆಯಾಗಿ ಸೇರುವ ಮೂಲೆ ಅವಳ ಪಾಲು, ಉಳಿದ ಮೂರು ಇವನವು. ಈಗ ತುತ್ತು ಬಾಯಿಗಿಡುತ್ತ ಇವನು ಕಣ್ಣಿಗೆ ಬೀಳುವಷ್ಟು ಎಡಗಂಟುಗಳನ್ನು ನೋಡುತ್ತ ಕೂರುತ್ತಿದ್ದ. ಅವಳು ಬೇಕೆನಿಸುತ್ತಿತ್ತು, ಅಷ್ಟೇ. ಅದನ್ನು ಸುತ್ತಿ ಬಳಸಿ ಹೇಳಲು ಅವನಿಗೆ ಬಾರದು.

ನೋಡಿದಾಗಲೆಲ್ಲ ಇನ್ನೊಂದು ವಿಷಯವೂ ಮನಸ್ಸು ಕೊರೆಯುತ್ತಿತ್ತು. ಕೊಕ್ಕೆಗಳು ಪಿಲ್ಲರಿನ ಹೊಟ್ಟೆಯ ಕಡೆಗೆ ಬಾಗಿರಬೇಕು. ಭೂಮಿ ನಡುಗಿದಾಗ ಹೊರಮೈ ಕಾಂಕ್ರೀಟು ಉದುರುತ್ತದೆ. ಆಗ ಕೊಕ್ಕೆ ಒಳಗೆ ಕಚ್ಚಿಕೊಂಡಿದ್ದರೆ ರಿಂಗು ಕಂಬಿಗಳನ್ನು ಹಿಡಿದು ನಿಲ್ಲುತ್ತದೆ, ಇಲ್ಲವಾದರೆ ಬಾಯಿ ಬಿಡುತ್ತದೆ. ಇಲ್ಲಿ ಅವು ಬಾಗಿರಲಿಲ್ಲ. ಮೈ ಕೆಂಡವಾಗಿದ್ದ ಅವಳಿಗೆ ರಿಂಗು ತೂರಿಸಲು ಸಲೀಸಾಗಲೆಂದು ಇವನೇ ಕೊಕ್ಕೆಗಳನ್ನು ಅರ್ಧಕ್ಕೆ ಬಿಟ್ಟಿದ್ದ, ಆಮೇಲೆ ಬಾಗಿಸೋಣ ಎಂದು. ಆ ಆಮೇಲೆ ಬರಲೇ ಇಲ್ಲ. ಈಗ ಬಾಗಿಸಬೇಕಾದರೆ ಅವಳ ಗಂಟುಗಳನ್ನು ಕತ್ತರಿಸಬೇಕು.

ಒಂದು ಬೆಳಿಗ್ಗೆ ಎಂಜಿನಿಯರ್ ಮೇಡಂ ಬಂದು ರಿಂಗುಗಳ ನಡುವಿನ ಅಂತರ ಅಳೆದರು.

"ಕೊಕ್ಕೆ ನೋಡೋದೇನಿದೆ ಯಜಮಾನ್ರೇ, ನೀವು ಕಟ್ಟಿದ್ದಲ್ವಾ. ಮಧ್ಯಾಹ್ನ ಕಾಂಕ್ರೀಟ್ ಹಾಕಿಸ್ತೀನಿ."

ಹೂಂ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಕಟ್ಟಡ ಇರುವಷ್ಟು ಕಾಲ ಅವಳ ಗಂಟುಗಳೂ ಇರುತ್ತಿದ್ದವು. ಬಾಯಿ ತೆರೆದವನಿಗೆ, ನಾಳೆ ಈ ಪಿಲ್ಲರನ್ನು ನಂಬಿ ಮೇಲೆ ಕುರ್ಚಿ ಹಾಕಿ ಕೂರುವ ನಾನೂರು ಮಂದಿ ನೆನಪಾದರು.

"ಸ್ವಲ್ಪ ಹೊತ್ತು ಕೊಡಿ ಮೇಡಂ. ಕೊಕ್ಕೆ ಬಾಗಿಲ್ಲ. ತಪ್ಪು ನಂದೇ."

ಮೇಲಿನಿಂದ ಶುರು ಮಾಡಿದ. ಗಂಟು ಕತ್ತರಿಸಿ, ಕೊಕ್ಕೆಗೆ ಕೊಳವೆ ಸಿಕ್ಕಿಸಿ ಒಳಕ್ಕೆ ಬಾಗಿಸಿ, ಮತ್ತೆ ಕಟ್ಟಿದ. ಹದಿನೆಂಟು ಮುಗಿದವು. ಉಳಿದ ನಾಲ್ಕು ಹಲಗೆ ರಾಶಿಯ ಮರೆಯಲ್ಲಿದ್ದವು. ಅವಳು ಹೋದ ಮೇಲೆ ಯಾರೋ ಅಲ್ಲಿ ಪೇರಿಸಿದ ಹಲಗೆಗಳು. ಅವನ್ನು ಸರಿಸಿ, ಮಂಡಿಯೂರಿ, ಇಕ್ಕಳ ಒಳಗೆ ಹಾಕಿದವನು ಕೈ ತಡೆದ.

ನಾಲ್ಕೂ ಕೊಕ್ಕೆ ಒಳಕ್ಕೆ ಬಾಗಿದ್ದವು. ಮೇಲೆ ಹೊಸದಾಗಿ ಕಟ್ಟಿದ ಗಂಟು, ಎಡಕ್ಕೆ ತಿರುಚಿದ್ದು.

ಪಂಜರ ಕಟ್ಟಿದ ದಿನ ಇವನು ಮಾತ್ರೆ ತಂದಾಗ ಅವಳು ಇಲ್ಲೇ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆ ಸುತ್ತಿ ಕೂತಿದ್ದಾಳೆ ಎಂದುಕೊಂಡಿದ್ದ.

"ಇವನ್ನೂ ಕತ್ತರಿಸ್ಬೇಕಾ?" ಮೇಡಂ ಬಗ್ಗಿ ಕೇಳಿದರು.

"ಬೇಡ ಮೇಡಂ. ಇವು ಸರಿಯಾಗಿವೆ. ಅವಳು ಮಾಡಿಟ್ಟೇ ಹೋಗಿದ್ದಾಳೆ."

ಮಧ್ಯಾಹ್ನ ಕಾಂಕ್ರೀಟು ಸುರಿದಾಗ ಮೊದಲು ಮುಚ್ಚಿದ್ದು ಆ ನಾಲ್ಕನ್ನೇ. ಅವತ್ತು ಅವನು ಬುತ್ತಿ ಬಿಚ್ಚಲಿಲ್ಲ.