ಟೋಬಿಗೆ ನಿತ್ಯ ಜಳಕ

ಬಸವಣ್ಣ ಕಾಲುವೆಯ ನೀರಗಂಟಿ ಜಡೆಪ್ಪನಿಗೆ ಯಾವುದನ್ನೂ ಕಂಡು ಸುಮ್ಮನೆ ದಾಟಿ ಹೋಗುವ ಸ್ವಭಾವವಿರಲಿಲ್ಲ. ಹೊಸಪೇಟೆಯ ಕಬ್ಬಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಎಲ್ಲಾದರೂ ನೀರು ಕಡಿಮೆಯಾದರೆ ಏಡಿ ಬಿಲ ತೋಡಿದೆಯೋ, ಹೂಳು ಕೂತಿದೆಯೋ ಎಂದು ಮಣ್ಣು ಮೂಸಿ ನೋಡಿದರೇ ಅವನಿಗೆ ಸಮಾಧಾನ. "ನಿಮ್ಮ ಮೂಗು ಮುಂದ ಹೊಕ್ಕೈತಿ, ನೀವು ಹಿಂದ ಹೊಕ್ಕೀರಿ" ಎಂದು ಹೆಂಡತಿ ಕೊಟ್ರಬಸಮ್ಮ ಹಂಗಿಸುತ್ತಿದ್ದಳು.

೧೯೩೬ರಲ್ಲಿ ಕಾಲುವೆಯ ಇಂಗ್ಲಿಷ್ ಸಾಹೇಬರು ತಮ್ಮ ಸೀಮೆಗೆ ಮರಳುವಾಗ ತಮ್ಮ ಸ್ಪ್ಯಾನಿಯಲ್ ನಾಯಿಯನ್ನು ಅವನ ಕೈಗೆ ಕೊಟ್ಟು ಹೋದರು. ಹೆಸರು ಟೋಬಿ. ಜೇನಿನ ಬಣ್ಣ, ಗಲ್ಲ ದಾಟಿ ಜೋತುಬಿದ್ದ ಕಿವಿ, ಕತ್ತರಿಸಿದ ಮೊಂಡು ಬಾಲ. ಖುಷಿಯಾದರೆ ಬಾಲದ ಬದಲು ಇಡೀ ಸೊಂಟವನ್ನೇ ಅಲ್ಲಾಡಿಸುತ್ತಿತ್ತು.

"ಮನ್ಯಾಗ ಲಿಂಗಪೂಜಿ ಆಗ್ತೈತ್ರಿ. ಅದು ಹೊಸ್ತಿಲ ದಾಟಬಾರದು" ಎಂದಳು ಕೊಟ್ರಬಸಮ್ಮ.

ಟೋಬಿ ಹೊರಗೆ ಕೂತು ಎರಡು ದಿನ ರೊಟ್ಟಿ ಮೂಸಲಿಲ್ಲ. ಕೊರಡಿಗೆ ಕಟ್ಟಿದರೂ ಕಾವಲು ಕಾಯುವ ಜಾತಿ ಅದಲ್ಲ, ಮನುಷ್ಯರ ಕಾಲ ಬುಡವೇ ಅದಕ್ಕೆ ಮನೆ. ಮೂರನೆಯ ದಿನ ಕೊಟ್ರಬಸಮ್ಮನೇ ಸೋತಳು. "ಆತು, ದಿನಾ ಜಳಕ ಮಾಡಿಸಿ ಒಳಗ ಕರ್ಕೊಂಬರ್ರಿ."

ಅಂದಿನಿಂದ ಪೂಜೆಗೆ ಮುಂಚೆ ಟೋಬಿಗೆ ಕಾಲುವೆಯಲ್ಲಿ ಮುಳುಗು ಜಳಕ. ನೀರೆಂದರೆ ಅದಕ್ಕೂ ಪ್ರಾಣ. ಆಮೇಲೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಜಡೆಪ್ಪ ಅದನ್ನು ದಿನವಿಡೀ ಗಮನಿಸುತ್ತಿದ್ದ. ಗದರಿದರೆ ಮಧ್ಯಾಹ್ನದವರೆಗೆ ಮುಖ ಕೊಡದು, ಮೆಲ್ಲಗೆ ಕರೆದರೆ ಹೊಟ್ಟೆ ಮೇಲೆ ಮಾಡಿ ಉರುಳುವುದು. ಮೊಮ್ಮಕ್ಕಳು ಕಿವಿ ಎಳೆದರೂ ಗುರ್ ಎನ್ನದು.

ಮಳೆಗಾಲ ಬಂತು. ಟೋಬಿ ತಲೆ ಕೊಡವತೊಡಗಿತು. ಒಂದು ಬೆಳಿಗ್ಗೆ ಮುಟ್ಟಲು ಹೋದ ಜಡೆಪ್ಪನಿಗೇ ಹಲ್ಲು ತೋರಿಸಿತು. ಅಗಲ ಬಾಯಿಯ ಗಂಗಾಳದಲ್ಲಿ ನೀರಿಟ್ಟರೆ ಬಾಯಿ ಹಾಕಿ, ಕುಂಯ್ ಎಂದು ಹಿಂದೆ ಜಿಗಿಯಿತು. ಕೇರಿಯ ತುಂಬ ಗುಲ್ಲಾಗಿ ತಳವಾರ ಉಚ್ಚೆಂಗಪ್ಪ ಬಡಿಗೆ ಹಿಡಿದು ಬಂದ.

"ನೀರಿಗೆ ಅಂಜಾಕತ್ತೈತಲ್ಲೋ, ಹುಚ್ಚ ಹಿಡಿದೈತಿ. ಯಾರಿಗನ್ನ ಕಡಿಯೂದ್ರಾಗ ಮುಗಿಸಿಬಿಡ್ತೀನಿ, ಅತ್ತ ಸರಿ."

ಜಡೆಪ್ಪ ಬಡಿಗೆಗೆ ಅಡ್ಡ ನಿಂತ. "ಸಂಜಿ ತನಕ ತಡಿಯಪ್ಪಾ. ನೋಡ್ತೀನಿ" ಎಂದ.

ಅಂಗಳದ ಬಾಗಿಲು ಹಾಕಿಸಿ, ಉಚ್ಚೆಂಗಪ್ಪನನ್ನು ಅಲ್ಲೇ ನಿಲ್ಲಿಸಿ, ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ಟೋಬಿ ಮತ್ತೆ ಮತ್ತೆ ಗಂಗಾಳದ ಹತ್ತಿರ ಹೋಗುತ್ತಿತ್ತು. ನೀರಿಗೆ ಅಂಜುವುದಾದರೆ ಆಸೆಪಟ್ಟು ಹೋಗುವುದೇಕೆ? ಆಗ ಕಂಡಿತು. ಬಾಯಿ ನೀರು ಮುಟ್ಟಿದಾಗಲ್ಲ, ಜೋತ ಕಿವಿ ಗಂಗಾಳದ ಕಂಠಕ್ಕೆ ತಾಗಿದಾಗ ಅದು ಚೀರುತ್ತಿತ್ತು. ಜಡೆಪ್ಪ ಕೂಡಲೇ ತೆಂಗಿನ ಕರಟವೊಂದರಲ್ಲಿ ನೀರು ತುಂಬಿ ಕೋಲಿನಿಂದ ಮುಂದೆ ತಳ್ಳಿದ. ಕಿವಿಗಳೆರಡೂ ಕರಟದ ಹೊರಗೇ ಉಳಿದವು. ಟೋಬಿ ಲೊಚಲೊಚನೆ ಕುಡಿದು ಕರಟ ಬರಿದು ಮಾಡಿತು.

ಉಚ್ಚೆಂಗಪ್ಪನ ಬಡಿಗೆ ತಾನಾಗಿ ಕೆಳಗಿಳಿಯಿತು.

ಕೈಗೆ ಕಂಬಳಿ ಸುತ್ತಿಕೊಂಡು, ಮೆಲ್ಲಗೆ ಮಾತಾಡಿಸುತ್ತ ಜಡೆಪ್ಪ ಆ ಕಿವಿಯನ್ನು ಎತ್ತಿ ಮೂಸಿದ. ಹೂಳು ತುಂಬಿದ ಕಾಲುವೆಯದೇ ನಾತ.

"ಬಸಮ್ಮಾ, ದಿನಾ ಜಳಕ ಮಾಡಿಸಿ ಕಿವ್ಯಾಗ ನೀರು ನಿಲ್ಲಿಸೀವಿ. ನಿಂತ ನೀರು ನಾರತೈತಿ. ನೀರಗಂಟಿ ಅನಿಸಿಕೊಂಡು ನನಗ ಇಷ್ಟು ತಿಳೀಲಿಲ್ಲ!"

ಕೊಟ್ರಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಳಕದ ಕಟ್ಟಳೆ ಹಾಕಿದ್ದು ಅವಳೇ ತಾನೆ!

ಜಳಕ ನಿಂತಿತು. ಬೇವಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು, ಒಣಬಟ್ಟೆ ಆಡಿಸುವುದು, ಎಳೆಬಿಸಿಲಿಗೆ ಎರಡೂ ಕಿವಿ ನೆತ್ತಿಯ ಮೇಲೆ ಸಡಿಲಾಗಿ ಕಟ್ಟಿ ಗಾಳಿಗೆ ಬಿಡುವುದು. ರುಮಾಲು ಸುತ್ತಿದ ಗೌಡರಂತೆ ಕೂತ ಟೋಬಿಯನ್ನು ನೋಡಲು ಕೇರಿಯೇ ನೆರೆಯಿತು. ಮೂರು ವಾರಕ್ಕೆ ಕಿವಿ ವಾಸಿಯಾಯಿತು.

ಗುಣವಾದ ದಿನ ಜಡೆಪ್ಪ ಅದನ್ನು ಅಂಗಳದಿಂದ ಕರೆದುಕೊಂಡು ಬಂದು ಹೊಸ್ತಿಲ ಹೊರಗೇ ನಿಂತ. ಜಳಕವಿಲ್ಲದೆ ಒಳಗೆ ಹೋಗುವುದು ಹೇಗೆ? ಕೊಟ್ರಬಸಮ್ಮ ಪೂಜೆಯಿಂದ ಎದ್ದು ಬಂದಳು. ಕೈಯಲ್ಲಿ ವಿಭೂತಿ ಗಟ್ಟಿ ಇತ್ತು.

"ಜ್ವರ ಬಂದಾಗ ನಮಗ ಇದ ಜಳಕ ಅಲ್ಲೇನ್ರಿ?" ಎನ್ನುತ್ತ ಟೋಬಿಯ ಹಣೆಗೆ ಮೂರು ಬೆರಳು ಎಳೆದಳು. ಅವಳ ಕಣ್ಣು ತುಂಬಿತ್ತು. "ನನ್ನ ಮಡಿ ನಿನ್ನ ಜೀವಾನ ತಗೀತಿತ್ತಲ್ಲೋ, ಮಗನ. ಬಾ ಒಳಗ."